ದೇವರ ಜಗಲಿಯ ಮೇಲಿನ ಪೆನ್‌ಡ್ರೈವ್

ಅಂಗಡಿಯವರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಕಟ್ಟುವುದು ಕಡಿಮೆ, ಕಾಯುವುದೇ ಹೆಚ್ಚು. ನಾಸಿಕದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಾಲ್ಕನಿಗೂ ನಡುವೆ ಒಂದು ಮೇಜು ಇದೆ, ಅದೇ ನನ್ನ ಆಫೀಸು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ನಾನು ಕೂತರೆ, ಅವರು ತಿರುಗಿ ಬರುವತನಕ ಯಾರದಾದರೂ ಅಂಗಡಿ ಪರದೆಯ ಮೇಲೆ ತೆರೆದೇ ಇರುತ್ತದೆ. ಸಟಾಣಾದ ದಾಳಿಂಬೆ ವ್ಯಾಪಾರಿ, ಸಿಲ್ಲೋಡಿನ ಬೀಜದ ಅಂಗಡಿ, ದಿಂಡೋರಿ ರಸ್ತೆಯ ಒಣದ್ರಾಕ್ಷಿಯವರು, ಹೀಗೆ. ಬಹುಪಾಲು ಬೀದರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರೇ. ಹೊರಗಿನವರು ನನ್ನನ್ನು ಹುಡುಕಿಕೊಂಡು ಬಂದದ್ದು ಕಡಿಮೆ, ಆದ್ದರಿಂದ ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ.

ನಮ್ಮವರು ಶಿವನ ಹೆಸರು ಹೇಳದೆ ಏನನ್ನೂ ಶುರು ಮಾಡುವುದಿಲ್ಲ. ಲೆಕ್ಕದ ಪುಸ್ತಕದ ಮೊದಲ ಪುಟ, ಟೆಂಪೋದ ಹಣೆ, ಮದುವೆಯ ಕಾರ್ಡು, ಎಲ್ಲದರ ಮೇಲೂ ಪಂಚಾಕ್ಷರಿ. ಹಾಗಾಗಿ ಪಾಸ್‌ವರ್ಡ್ ಕೇಳುವ ಖಾಲಿ ಜಾಗ ಕಂಡಾಗಲೂ ಬೆರಳು ತಾನಾಗಿ ‘ಓಂ ನಮಃ ಶಿವಾಯ’ ಎಂದೇ ಒತ್ತುತ್ತದೆ. ಅಂಕಿಯೂ ಬೇಕು ಎಂದು ಕಂಪ್ಯೂಟರ್ ಹಠ ಹಿಡಿದರೆ ಕೊನೆಗೊಂದು ನೂರೆಂಟು. ಹೊಸ ಗಿರಾಕಿಯ ಸೈಟು ಕೈಗೆ ಬಂದರೆ ನಾನು ಪಾಸ್‌ವರ್ಡ್ ಏನೆಂದು ಕೇಳಲು ಹೋಗುತ್ತಿರಲಿಲ್ಲ. ಇದನ್ನೇ ಬರೆದು ನೋಡುತ್ತಿದ್ದೆ, ಬಾಗಿಲು ತೆರೆಯುತ್ತಿತ್ತು. ನಾನು ತೆರೆಯಬಲ್ಲೆನಾದರೆ ಯಾರು ಬೇಕಾದರೂ ತೆರೆಯಬಲ್ಲರು, ಬದಲಾಯಿಸಿ ಎಂದು ಹೇಳಿದಾಗ ದಾಳಿಂಬೆ ವ್ಯಾಪಾರಿ ನನ್ನನ್ನು ಕನಿಕರದಿಂದ ನೋಡಿದರು. ದೇವರ ಹೆಸರು ತೆಗೆದು ಮತ್ತೆ ಯಾರ ಹೆಸರು ಇಡಲಿ, ನಾಯಿಯದೇ, ಎಂದು ಕೇಳಿದರು.

ಬ್ಯಾಕಪ್ ವಿಷಯದಲ್ಲೂ ಇದೇ ಹಾಡು. ಸೈಟಿನದೊಂದು ಪ್ರತಿ ಬೇರೆ ಕಡೆ ಇರಲಿ, ಮನೆಗೆ ಬೆಂಕಿ ಬಿದ್ದರೆ ಅದೇ ಮನೆಯ ಕಪಾಟಿನಲ್ಲಿಟ್ಟ ಕಾಗದವೂ ಸುಡುತ್ತದೆ ಎಂದು ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಮಾಡಲಿಲ್ಲ. ಕಡೆಗೆ ನಾನು ದಾರಿ ಬದಲಿಸಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕ ಇಟ್ಟು ಪೂಜೆ ಮಾಡುತ್ತೀರಲ್ಲ, ನಿಮ್ಮ ಲೆಕ್ಕ ಈಗ ಸೈಟಿನಲ್ಲಿದೆ, ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ ಲಕ್ಷ್ಮಿಯ ಮುಂದೆ ಇಡಿ ಎಂದೆ. ಅವತ್ತಿನಿಂದ ಯಾರೂ ತಪ್ಪಿಸಿಲ್ಲ. ಪೂಜೆಯಾದ ಪೆನ್‌ಡ್ರೈವ್ ದೇವರ ಜಗಲಿಯ ಮೇಲೇ ಉಳಿಯುತ್ತದೆ. ಅದರಲ್ಲಿ ಸಿನಿಮಾ ತುಂಬಿಕೊಳ್ಳುವ ಧೈರ್ಯ ಮನೆಯ ಮಕ್ಕಳಿಗೂ ಇಲ್ಲ. ಇದನ್ನು ಭಕ್ತಿ ಅನ್ನಬೇಕೋ ಭದ್ರತೆ ಅನ್ನಬೇಕೋ ನನಗೆ ಗೊತ್ತಿಲ್ಲ, ಕೆಲಸ ಆಗುತ್ತದೆ, ಅಷ್ಟು ಸಾಕು.

ಈ ಗಿರಾಕಿಗಳಲ್ಲೆಲ್ಲ ಹೆಚ್ಚು ತಲೆನೋವು ಕೊಟ್ಟವರು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತೇನೆ. ಸಂಭಾಜಿನಗರದಲ್ಲಿ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಚಟ್ನಿಪುಡಿ ಮಾಡಿ ಊರೂರಿಗೆ ಕಳಿಸುತ್ತಾರೆ. ಓಣಿಯ ಹೆಂಗಸರು ಬಂದು ಬಡಿಯುತ್ತಾರೆ, ಬೇಯಿಸುತ್ತಾರೆ, ಬಿಡುವಿದ್ದವರು ಕಂಪ್ಯೂಟರಿನಲ್ಲಿ ಆರ್ಡರ್ ನೋಡುತ್ತಾರೆ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಮಂತ್ರವನ್ನು ಮುಚ್ಚಿಡುವುದು ಹೇಗೆ? ಸೈಟನ್ನು ಮಾಡಿದವರು ಅಕ್ಕನ ಗಂಡ, ನನ್ನ ಭಾವ. ಹೋಸ್ಟಿಂಗ್, ಅಂದರೆ ಸೈಟು ಇರುವ ಬಾಡಿಗೆ ಮನೆ, ಅದನ್ನು ಹುಡುಕಿದವರೂ ಅವರೇ. ಖಾತೆ ಅವರ ಹೆಸರಿನಲ್ಲಿ, ಫೋನ್ ನಂಬರ್ ಅವರದು. ಆರ್ಡರ್ ಹೊರಟಾಗ ಗಿರಾಕಿಗೆ ತಾನಾಗಿ ಹೋಗುವ ಮೆಸೇಜನ್ನೂ ಅವರೇ ಬರೆದಿದ್ದರು: ‘ರೊಟ್ಟಿ ಹೊಂಟಾವ್ರಿ. ಮುರದು ಬಂದ್ರ ಫೋನ್ ಮಾಡ್ರಿ, ಸಿಟ್ಟು ಮಾಡಬ್ಯಾಡ್ರಿ.’ ಭಾವ ತೀರಿಕೊಂಡ ಮೇಲೂ ಈ ಮೆಸೇಜು ಊರೂರಿಗೆ ಹೋಗುತ್ತಲೇ ಇತ್ತು.

ಆ ಹೋಸ್ಟಿಂಗ್ ಅಗ್ಗದ್ದು. ಭಾವ ತೆಗೆದುಕೊಂಡಾಗ ಅಂಗಡಿಯೂ ಚಿಕ್ಕದು, ಸಾಕಾಗುತ್ತಿತ್ತು. ಅಂಗಡಿ ಬೆಳೆದ ಮೇಲೆ ಸೈಟು ಹಬ್ಬ ಬಂತೆಂದರೆ ಮುಗ್ಗರಿಸುತ್ತಿತ್ತು. ತೊಂದರೆ ಹೇಳಿಕೊಳ್ಳೋಣ ಎಂದರೆ ಆ ಕಡೆ ಮನುಷ್ಯರೇ ಸಿಗುತ್ತಿರಲಿಲ್ಲ. ಬದಲಾಯಿಸೋಣ ಎಂದು ನಾನು ಪ್ರತಿ ಸಲ ಹೋದಾಗ ಹೇಳುತ್ತಿದ್ದೆ. ಅವರು ನೋಡಿ ಇಟ್ಟ ಜಾಗ, ಇರಲಿ ಬಿಡು ಎಂದು ಅಕ್ಕ ಚಹಾ ತರಲು ಎದ್ದುಹೋಗುತ್ತಿದ್ದರು. ನಾನು ಇದನ್ನು ಹಠ ಎಂದುಕೊಂಡಿದ್ದೆ, ಒಂದೆರಡು ಸಲ ಹಾಗೆಂದು ಹೇಳಿಯೂ ಇದ್ದೆ. ದೇವರ ಜಗಲಿಯ ಪಕ್ಕದಲ್ಲಿ ಭಾವನ ಹಳೆಯ ಫೋನು ಸದಾ ಚಾರ್ಜಿಗೆ ಇರುತ್ತಿತ್ತು. ಅದೇಕೆ ಎಂದರೆ ಓಟಿಪಿ ಬರುತ್ತದಲ್ಲ ಎನ್ನುತ್ತಿದ್ದರು. ಸರಿಯಾದ ಉತ್ತರವೇ, ಹಾಗಾಗಿ ನಾನು ಮತ್ತೆ ಕೇಳಲಿಲ್ಲ.

ಹೋದ ವರ್ಷ ಎಳ್ಳಮಾವಾಸ್ಯೆಯ ಹಬ್ಬಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಅಕ್ಕನ ಫೋನ್ ಬಂತು. ರೊಟ್ಟಿಯ ಚಿತ್ರ ಇದ್ದ ಜಾಗದಲ್ಲಿ ಯಾವಳೋ ಇಸ್ಪೀಟು ಎಸೆಯುತ್ತಾ ನಗುತ್ತಿದ್ದಾಳೆ ಎಂದರು. ಯಾರೋ ಒಳಗೆ ನುಗ್ಗಿ ಜೂಜಿನ ಜಾಹೀರಾತು ಹಾಕಿದ್ದರು, ನಾನು ನೋಡುವಷ್ಟರಲ್ಲಿ ಹೋಸ್ಟಿಂಗಿನವರು ಸೈಟನ್ನೇ ಮುಚ್ಚಿದ್ದರು. ಬೀಗಕ್ಕೆ ಸಾವಿರ ಬೀಗದಕೈ ಹಾಕಿ ನೋಡುವ ಹಾಗೆ, ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುವ ಕಳ್ಳ ಯಂತ್ರಗಳಿವೆ. ಪಂಚಾಕ್ಷರಿಗೆ ನೂರೆಂಟು ಸೇರಿಸುವುದು ನಮ್ಮವರಿಗೆ ಮಾತ್ರ ಹೊಳೆದ ಉಪಾಯ ಆಗಿರಲಿಲ್ಲ.

ಕೊನೆಗೂ ಹೋಸ್ಟಿಂಗಿನ ಒಬ್ಬ ಮನುಷ್ಯ ಫೋನಿಗೆ ಸಿಕ್ಕ. ಬ್ಯಾಕಪ್ ಇದೆಯಲ್ಲ ಎಂದೆ. ಇದೆ ಮೇಡಂ, ಅದೇ ಸರ್ವರಿನಲ್ಲಿ ಇತ್ತು, ಅದೂ ಕೆಟ್ಟಿದೆ ಎಂದ. ಹೇಳುವ ದನಿಯಲ್ಲಿ ಸಂಕೋಚ ಕೂಡ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವನನ್ನು ಬೈದು ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಬೈದೆ, ಆಮೇಲೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ.

ಹೋದದ್ದು ಬರೀ ಆರ್ಡರುಗಳಾಗಿದ್ದರೆ ಇಷ್ಟು ಗಾಬರಿ ಬೇಕಿರಲಿಲ್ಲ. ಒಂದೊಂದು ಮನೆಯ ಹೆಸರಿನ ಕೆಳಗೆ ಭಾವನ ಕಾಲದಿಂದ ಸೇರುತ್ತ ಬಂದ ಟಿಪ್ಪಣಿ ಇತ್ತು. ಈ ಅಜ್ಜನಿಗೆ ಹಲ್ಲಿಲ್ಲ, ಮೆತ್ತನೆಯವು ಕಳಿಸಬೇಕು. ಈ ಮನೆಗೆ ಸೂತಕ, ವರ್ಷ ತುಂಬುವತನಕ ಹಬ್ಬದ ಮೆಸೇಜು ಬೇಡ. ಈ ಮಗುವಿಗೆ ಶೇಂಗಾ ತಿಂದರೆ ಮೈಮೇಲೆ ದದ್ದು ಏಳುತ್ತದೆ. ಗಿರಾಕಿಗಳು ಅಕ್ಕನ ಹತ್ತಿರವೇ ಉಳಿದದ್ದು ಇದರಿಂದ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ ಹೋಗದಿದ್ದರೆ ಅವರು ಬೇರೆ ಕಡೆ ಕೇಳುತ್ತಾರೆ, ಬೇರೆ ಕಡೆ ಚೆನ್ನಾಗಿ ಸಿಕ್ಕರೆ ಮುಂದಿನ ವರ್ಷವೂ ಅಲ್ಲಿಯೇ. ಆಗ ಓಣಿಯ ಹೆಂಗಸರೂ ಬೇರೆ ಕೆಲಸ ನೋಡಿಕೊಳ್ಳಬೇಕು. ಗಂಡ ಹೋದ ಮೇಲೆ ಅಕ್ಕ ಯಾರ ಮುಂದೆಯೂ ಕೈ ಚಾಚದೆ ನಿಂತಿದ್ದು ಈ ರೊಟ್ಟಿಯ ಮೇಲೆ.

ನಾನು ಒಳಗೆ ಹೋದಾಗ ಸಜ್ಜಿ ಹಿಟ್ಟು ಬೀಸಿ ತಂದಿಟ್ಟಿದ್ದರು, ಯಾರೂ ಕಲಸಿರಲಿಲ್ಲ. ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅಕ್ಕ ನನಗೆ ನೀರು ಕೊಟ್ಟು, ದೀಪಾವಳಿಗೆ ಇಟ್ಟದ್ದು ಅಲ್ಲೇ ಇದೆ ಎಂದರು. ಜಗಲಿಯ ಮೇಲೆ ಲಕ್ಷ್ಮಿಯ ಪಕ್ಕದಲ್ಲಿ ಪೆನ್‌ಡ್ರೈವ್ ಇತ್ತು. ಅರಿಷಿಣ, ಕುಂಕುಮ, ಮೂರು ಬೆರಳಿನ ವಿಭೂತಿ, ಒಣಗಿದ ಚೆಂಡುಹೂವಿನ ಎಸಳು. ದಿನಾ ಹಚ್ಚುತ್ತೀರೇನು ಎಂದು ಕೇಳಿದೆ. ಎಲ್ಲಾ ದೇವರಿಗೂ ಹಚ್ಚಿ ಅದೊಂದಕ್ಕೆ ಹೇಗೆ ಬಿಡಲಿ ಎಂದರು. ತುದಿಯ ಬಾಯಿ ವಿಭೂತಿಯಿಂದ ಮುಚ್ಚಿಹೋಗಿತ್ತು. ಇದನ್ನು ಮಾಡಿಸಿದವಳು ನಾನೇ ಆದ್ದರಿಂದ ಬೈಯುವ ಹಾಗೂ ಇರಲಿಲ್ಲ. ಸೂಜಿಯಿಂದ ಕೆದಕಿ, ಹಳೆಯ ಬ್ರಷ್ಷಿನಿಂದ ಉಜ್ಜಿ ಲ್ಯಾಪ್‌ಟಾಪಿಗೆ ಹಾಕಿದೆ, ತೆರೆಯಲಿಲ್ಲ. ಮತ್ತೆ ಉಜ್ಜಿದೆ. ಈ ಸಲ ತೆರೆಯಿತು. ಹೆಸರು, ಟಿಪ್ಪಣಿ, ಎಲ್ಲಾ ದೀಪಾವಳಿಯತನಕ ಸರಿಯಾಗಿದ್ದವು. ಅಕ್ಕ ಲ್ಯಾಪ್‌ಟಾಪಿಗೆ ಕೈ ಮುಗಿದರು. ನನಗೂ ಮುಗಿಯಬೇಕು ಅನ್ನಿಸಿತು, ಆದರೆ ಕೈಯೆಲ್ಲ ವಿಭೂತಿಯಾಗಿತ್ತು.

ದೀಪಾವಳಿಯಿಂದ ಈಚಿನದು ಮಾತ್ರ ಹೋಗಿತ್ತು. ಅದನ್ನು ಹೆಂಗಸರೇ ಮನೆಮನೆಗೆ ಫೋನ್ ಮಾಡಿ ಕೇಳಿ ತಿರುಗಿ ಬರೆದರು. ಈ ಕಡೆಯಿಂದ ಕನ್ನಡದಲ್ಲಿ ಕೇಳಿದರೆ ಆ ಕಡೆಯ ಮಕ್ಕಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದವು, ಎರಡೂ ಕಡೆಯವರಿಗೆ ಅರ್ಥವಾಗುತ್ತಿತ್ತು. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಹಿಟ್ಟು ಕಲಸಲು ಕೂತಳು, ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಹೊಸ ಹೋಸ್ಟಿಂಗ್ ನಾನು ಮೊದಲೇ ನೋಡಿಟ್ಟಿದ್ದೆ. ಜಾಹೀರಾತು ಓದಿ ಆರಿಸುವ ಚಟ ನನಗಿಲ್ಲ. ಭಾನುವಾರ ಊಟದ ಹೊತ್ತಿಗೆ ಫೋನ್ ಮಾಡಿ ಯಾರು ಎತ್ತುತ್ತಾರೆ ನೋಡುತ್ತೇನೆ. ದಿನಾ ತೆಗೆಯುವ ಪ್ರತಿಯನ್ನು ಯಾವ ಊರಿನಲ್ಲಿ ಇಡುತ್ತೀರಿ ಎಂದು ಕೇಳುತ್ತೇನೆ, ಒಂದೇ ಕಟ್ಟಡದಲ್ಲಿ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಒಂದು ಪುಕ್ಕಟೆ ಸೈಟು ಇಟ್ಟು, ಅದನ್ನು ನಾನೇ ಕೆಡಿಸಿ, ತಿರುಗಿ ತಂದುಕೊಡಿ ಎನ್ನುತ್ತೇನೆ. ಕಡೆಗೆ, ನಾಳೆ ನಿಮ್ಮನ್ನು ಬಿಟ್ಟು ಹೋದರೆ ನನ್ನ ಸಾಮಾನು ಹೇಗೆ ಕೊಡುತ್ತೀರಿ ಎಂದು ಕೇಳುತ್ತೇನೆ. ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸುವುದಿಲ್ಲ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಇಷ್ಟಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟವರನ್ನು ನಾನು ಆರಿಸಿದ್ದೆ.

ಪ್ರತಿಯನ್ನು ಅಲ್ಲಿಗೆ ಏರಿಸಿ ನನ್ನ ಹೆಸರಿನಲ್ಲೇ ಒಂದು ಆರ್ಡರ್ ಹಾಕಿ ನೋಡಿದೆ. ನನ್ನ ಫೋನಿಗೆ ಮೆಸೇಜು ಬಂತು: ರೊಟ್ಟಿ ಹೊಂಟಾವ್ರಿ. ಅಕ್ಕನಿಗೆ ತೋರಿಸಿದೆ, ಓದಿ ಸುಮ್ಮನೆ ನಕ್ಕರು. ಇನ್ನು ಉಳಿದದ್ದು ಒಂದೇ ಕೆಲಸ. ಸೈಟಿನ ವಿಳಾಸ ಇನ್ನೂ ಭಾವನ ಹಳೆಯ ಖಾತೆಯಲ್ಲಿತ್ತು, ಅದನ್ನು ಬಿಡಿಸಿ ಅಕ್ಕನ ಹೆಸರಿಗೆ ತರಬೇಕು. ನಾನು ಬಟನ್ ಒತ್ತಿ, ಭಾವನ ಫೋನಿಗೆ ಓಟಿಪಿ ಬರುತ್ತದೆ, ಓದಿ ಎಂದೆ. ಅಕ್ಕ ಫೋನನ್ನು ಚಾರ್ಜರಿನಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ಕೂತರು. ಅದು ಗುಣುಗುಟ್ಟಿತು. ಅವರು ಓದಲಿಲ್ಲ.

"ಇದು ಆದ ಮ್ಯಾಲ ಈ ಫೋನಿಗಿ ಮತ್ತೇನೂ ಬರಂಗಿಲ್ಲೇನು?" ಎಂದರು.

"ಬರಂಗಿಲ್ರಿ ಅಕ್ಕಾ. ಇನ್ಮ್ಯಾಲ ಎಲ್ಲಾ ನಿಮ್ಮ ನಂಬರಿಗೇ ಬರ್ತಾವ."

"ಇದಕ್ಕ ರಿಚಾರ್ಜ್ ಯಾಕ ಹಾಕ್ತಿ, ಬಂದ್ ಮಾಡು ಅಂತ ಮಗಳು ಕೇಳ್ತಿರ್ತಾಳ. ಓಟಿಪಿ ಬರ್ತದವ್ವ ಅಂತ ಹೇಳ್ಕೋತ ಬಂದೀನಿ. ಇನ್ನ ಏನಂತ ಹೇಳ್ಲಿ?"

ಹಠ ಎಂದು ನಾನು ಅಂದುಕೊಂಡದ್ದು ಈ ಫೋನಿನ ಸಲುವಾಗಿ ಎಂದು ಆಗ ತಿಳಿಯಿತು. ನನಗೆ ಬಹಳ ಕೆಡುಕೆನಿಸಿತು. ಅಷ್ಟರಲ್ಲಿ ಓಟಿಪಿಯ ಹೊತ್ತು ಮೀರಿತು, ಇನ್ನೊಂದು ತರಿಸಬೇಕಾಯಿತು. ಎರಡನೆಯದನ್ನು ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ ಹೇಳಿದರು, ನಾನು ಬರೆದೆ, ಭಾವನ ಖಾತೆ ಮುಚ್ಚಿತು. ಅಕ್ಕ ಫೋನನ್ನು ಚಾರ್ಜಿಗೆ ಹಾಕದೆ ಜಗಲಿಯ ಮೇಲೆ ಇಟ್ಟರು.

ಹೊಸ ಖಾತೆಗೆ ಅಕ್ಕನ ಹೆಸರು ಬರೆದೆ, ಅಕ್ಕನ ನಂಬರು ಬರೆದೆ. ಪಾಸ್‌ವರ್ಡ್ ಅವರೇ ಹಾಕಲಿ ಎಂದು ಆ ಕಡೆ ತಿರುಗಿ ಕೂತೆ. ಬಹಳ ಹೊತ್ತು ಹಿಡಿಯಿತು, ಮಂತ್ರ ಇದ್ದಂತಿರಲಿಲ್ಲ. ಏನಿಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಇನ್ನೊಂದು ಖಾಲಿ ಜಾಗ ಬಂತು. ನಿಮ್ಮ ಫೋನು ಕಳೆದರೆ ಓಟಿಪಿ ಕಳಿಸಲು ಎರಡನೆಯ ನಂಬರು ಕೊಡಿ ಎಂದಿತ್ತು. ಅಲ್ಲಿ ಮಕ್ಕಳ ನಂಬರು ಹಾಕಿ ಎಂದು ನಾನು ಎಲ್ಲಾ ಗಿರಾಕಿಗಳಿಗೂ ಹೇಳುತ್ತೇನೆ. ಅಕ್ಕನಿಗೆ ಹೇಳಲಿಲ್ಲ. ಭಾವನ ನಂಬರು ನನಗೆ ಬಾಯಿಪಾಠ ಇತ್ತು, ಬರೆದೆ.

ಜಗಲಿಯ ಮೇಲೆ ಫೋನು ಗುಣುಗುಟ್ಟಿತು. ಅಕ್ಕ ನನ್ನ ಮುಖ ನೋಡಿದರು, ಎದ್ದು ಹೋಗಿ ಅಂಕಿಗಳನ್ನು ಓದಿ ಹೇಳಿದರು, ಆಮೇಲೆ ಚಾರ್ಜರಿನ ವೈರು ಹುಡುಕಿದರು. ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಆದರೆ ಎರಡನೆಯ ನಂಬರು ಚಾಲೂ ಇದೆಯೋ ಇಲ್ಲವೋ ಎಂದು ಆಗಾಗ ಪರೀಕ್ಷೆ ಮಾಡುತ್ತಿರಬೇಕು, ಅದೂ ನನ್ನ ಕೆಲಸವೇ. ಹಬ್ಬ ಹುಣ್ಣಿವೆ ಬಂತೆಂದರೆ ನಾಸಿಕದ ಮೇಜಿನಿಂದ ಭಾವನ ನಂಬರಿಗೊಂದು ಓಟಿಪಿ ಕಳಿಸುತ್ತೇನೆ. ತುಸು ಹೊತ್ತಿಗೆ ಸಂಭಾಜಿನಗರದಿಂದ ಅಕ್ಕನ ಫೋನ್ ಬರುತ್ತದೆ, ಅವರ ಫೋನಿಗೆ ಬಂತು ನೋಡವ್ವ, ಎಂದು ಹೇಳುತ್ತಾರೆ.