ಮಲ್ಲಿಗೆಗೆ ಜಾಮೀನು

ಹೆದರಿಸುವ ವಿದ್ಯೆ ನನಗೆ ಹುಟ್ಟಿದಾರಭ್ಯ ಒಲಿಯಲಿಲ್ಲ. ಮಧುಗಿರಿಯ ಶಾಲೆಯಲ್ಲಿ ನಾನು ಬೆತ್ತ ಎತ್ತಿದರೆ ಹುಡುಗರು, ಏನೋ ತಮಾಷೆ ನಡೆಯಲಿದೆ ಎಂಬ ಆಸೆಯಿಂದ ಮುಂದಿನ ಬೆಂಚಿಗೆ ಜರುಗಿ ಕೂರುತ್ತಿದ್ದರು. ಈ ಸುದ್ದಿ ತುಮಕೂರಿನ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರವರೆಗೂ ಹೋಗಿ, ನನ್ನನ್ನು ಪಾವಗಡದ ಕಡೆಗೆ ವರ್ಗ ಮಾಡುತ್ತಾರೆಂದು ಮಾತು ಹುಟ್ಟಿತ್ತು. ಅಲ್ಲಿ ಮಕ್ಕಳು ತೆಲುಗಿನಲ್ಲಿ ನಗುತ್ತಾರೆ. ಕನ್ನಡದಲ್ಲಿ ನಕ್ಕರೆ ಏಕೆಂದಾದರೂ ನನಗೆ ತಿಳಿಯುತ್ತದೆ.

ಹಾಗಾಗಿ ಶಾಲೆ ಬಿಟ್ಟೊಡನೆ ಹಿತ್ತಲು ಸೇರುತ್ತಿದ್ದೆ. ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಹೊರಟುಹೋಗಿ, ಬೆಟ್ಟದ ಬಂಡೆ ಬೆಚ್ಚಗಾಗುವ ಕಾಲ. ಬದನೆ ಹೂ ಬಿಟ್ಟಿತ್ತು. ಹೀರೆಬಳ್ಳಿ ಬಚ್ಚಲಮನೆಯ ಸೂರು ಹತ್ತಿ ಪಕ್ಕದ ಮನೆಯ ಸಮಾಚಾರ ವಿಚಾರಿಸುತ್ತಿತ್ತು. ಸುಮ್ಮನಿದ್ದದ್ದು ಮಲ್ಲಿಗೆ ಒಂದೇ. ನನ್ನ ಹೆಂಡತಿ ಸೀತೆ ಕೊರಟಗೆರೆಯ ತವರಿನಿಂದ ತಂದ ಗಿಡ. ಮೂರು ವರ್ಷದಿಂದ ಗೊಬ್ಬರ ತಿಂದು, ನೀರು ಕುಡಿದು, ಎಲೆ ಬಿಡುವುದೇ ಜೀವನವೆಂದುಕೊಂಡಿತ್ತು.

"ನಮ್ಮೂರಲ್ಲಿ ಚೆನ್ನಾಗೇ ಇತ್ತು. ಇಲ್ಲಿಗೆ ಬಂದು ನಿಮ್ಮ ಶಿಷ್ಯ ಆಯ್ತು" ಎನ್ನುತ್ತಿದ್ದಳು ಸೀತೆ.

ಎದುರುಮನೆಯ ಮುದುಕಿ ನಂಜಕ್ಕ ಒಂದು ದಿನ ಗಿಡವನ್ನು ಸುತ್ತಿ ನೋಡಿ ತೀರ್ಪು ಕೊಟ್ಟಳು. "ಇದುಕ್ಕೆ ಭಯ ಇಲ್ಲ ಕಣಪ್ಪ ಮೇಷ್ಟ್ರೆ. ಒಬ್ರು ಮಚ್ಚು ಹಿಡ್ಕಂಡು 'ಕಡೀತೀನಿ' ಅನ್ಬೇಕು. ಇನ್ನೊಬ್ರು 'ಈ ಸಲ ಬುಟ್ಬುಡಿ' ಅಂತ ಬೇಡ್ಕಬೇಕು. ಆಮ್ಯಾಕೆ ನೋಡಿ, ಹೆಂಗೆ ಹೂ ಬುಡ್ತದೆ!"

ಬೇರು, ಕಾಂಡ, ಎಲೆ ಎಂದು ಬೋರ್ಡಿನ ಮೇಲೆ ಗಿಡದ ಚಿತ್ರ ಬರೆದು ಪಾಠ ಹೇಳುವವನು ನಾನು. ಗಿಡಕ್ಕೆ ಕಿವಿ ಬರೆದ ನೆನಪಿಲ್ಲ. ಆದರೆ ಸುಂದರಿ ಕಾಲಿನಿಂದ ಒದ್ದರೆ ಅಶೋಕವೃಕ್ಷ ಹೂ ಬಿಡುತ್ತದೆಂದು ನಮ್ಮ ಹಳೆಯ ಕವಿಗಳೆಲ್ಲ ನಂಬಿದ್ದರು. ಒದೆಗೆ ಹೂವಾದರೆ ಬೈಗುಳಕ್ಕೆ ಒಂದು ಮೊಗ್ಗಾದರೂ ಬೇಡವೆ?

ಭಾನುವಾರ ಬೆಳಿಗ್ಗೆ ಮಚ್ಚು ಹಿಡಿದು ಮಲ್ಲಿಗೆಯ ಮುಂದೆ ನಿಂತೆ. ಬೇಡಿಕೊಳ್ಳಬೇಕಾದವಳು ಸೀತೆ. ನಂಜಕ್ಕ ಒಗೆಯುವ ಕಲ್ಲಿನ ಮೇಲೆ ಕುಳಿತು, "ಗಟ್ಯಾಗಿ ಬೈರಿ, ಹಿಂಗಂದ್ರೆ ಇರುವೆನೂ ಹೆದ್ರಾಕಿಲ್ಲ" ಎಂದು ಹುರಿದುಂಬಿಸಿದಳು. ನನಗೆ ಬರುತ್ತಿದ್ದ ಬೈಗುಳವೆಲ್ಲ ಶಾಲೆಯವು. ಅವನ್ನೇ ತೆಗೆದೆ.

"ಮೂರು ವರ್ಷ ಆಯ್ತು! ಎಷ್ಟು ಬುದ್ಧಿ ಹೇಳಿದೆ ನಿನಗೆ? ಜೊತೆಯವರೆಲ್ಲ ಮುಂದೆ ಹೋದರು, ನೀನು ಅಲ್ಲೇ ನಿಂತಿದ್ದೀಯ! ಇವತ್ತು ಎರಡು ತುಂಡು ಮಾಡದೆ ಬಿಡೋದಿಲ್ಲ!"

ಆವೇಶದಲ್ಲಿ ಮಚ್ಚು ಬೀಸಿಯೇಬಿಟ್ಟೆ. ನಾಲ್ಕು ಕೊಂಬೆ ಉರುಳಿದವು. ಸೀತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ನಗು ತಡೆಯಲಾರದೆ ಕುಸಿದು ಕುಳಿತಳು. ಬೇಡಿಕೊಳ್ಳುವವರೇ ಇಲ್ಲ!

ಅಷ್ಟರಲ್ಲಿ ಹಿತ್ತಿಲ ಬಾಗಿಲು ದಡಾರನೆ ತೆರೆಯಿತು. ಕೋಟು, ಜರಿ ಪೇಟ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಸಾಕ್ಷಾತ್ ಇನ್ಸ್‌ಪೆಕ್ಟರ್ ಸಾಹೇಬರು! ಮರುದಿನದ ತನಿಖೆಗಾಗಿ ಊರಿಗೆ ಬಂದಿದ್ದವರು, ಬೆಳಗಿನ ತಿರುಗಾಟದಲ್ಲಿ ನಮ್ಮ ಗೋಡೆಯಾಚೆ ಹಾದುಹೋಗುತ್ತಿದ್ದರು.

"ಮೇಷ್ಟ್ರೇ, ಬೇಡಿ! ಇದೊಂದು ಸಲ ಬಿಟ್ಟುಬಿಡಿ! ಮುಂದೆ ಸರಿಹೋಗ್ತಾನೆ, ಅದಕ್ಕೆ ನಾನು ಹೊಣೆ!"

ಆಮೇಲೆ ಮಚ್ಚನ್ನು ನೋಡಿದರು. ಸೀತೆಯನ್ನು ನೋಡಿದರು. ಬದನೆಗಿಡಗಳ ಮಧ್ಯೆ ಹುಡುಕಿದರು.

"ಹುಡುಗ ಎಲ್ಲಿ?"

"ಹುಡುಗ ಇಲ್ಲ ಸ್ವಾಮಿ," ಎಂದೆ. "ಮಲ್ಲಿಗೆ."

ನಂಜಕ್ಕ ಕಲ್ಲಿನಿಂದ ಎದ್ದಳು. "ಆಯ್ತಲ್ಲ, ಬುದ್ಧಿಯೋರೇ ಜಾಮೀನು ನಿಂತ್ರು! ಆದ್ರೆ ಬರೀ ಬಾಯಿಮಾತ್ಗೆ ಆಗಾಕಿಲ್ಲ ಬುದ್ಧಿ. ಬುಡುಕ್ಕೆ ಒಂದು ಚೊಂಬು ನೀರು ಹುಯ್ದು, 'ನಾನಿದ್ದೀನಿ, ಹೆದ್ರಬ್ಯಾಡ' ಅನ್ಬೇಕು."

ಹೆಡ್‌ಮಾಸ್ಟರುಗಳನ್ನು ಬಾಗಿಲಲ್ಲೇ ಬೆವರಿಸುವ ಮನುಷ್ಯ, ಬೂಟು ಕಳಚಿಟ್ಟು, ಚೊಂಬು ತೆಗೆದುಕೊಂಡು, ಪೇಟ ಬೀಳದಂತೆ ಒಂದು ಕೈಯಲ್ಲಿ ಹಿಡಿದು ಬಗ್ಗಿದರು. "ನಾನಿದ್ದೀನಿ, ಹೆದರಬೇಡ" ಎಂದು ಮೆಲ್ಲನೆ ಅಂದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಮರುದಿನ ನನ್ನ ತರಗತಿಯೊಳಕ್ಕೆ ಅವರು ಕಾಲಿಡಲಿಲ್ಲ. ಬಾಗಿಲಿನಿಂದಲೇ ನನ್ನ ಎರಡು ಕೈಗಳನ್ನೂ ನೋಡಿ ಮುಂದೆ ನಡೆದರು. ವರದಿಯಲ್ಲಿ ನನ್ನ ಶಿಸ್ತಿನ ಬಗ್ಗೆ ಒಂದೇ ಮಾತು ಬರೆದಿದ್ದರು: 'ಸಾಕು.' ವರ್ಗದ ಹುಕುಂ ಬರಲೇ ಇಲ್ಲ.

ಯುಗಾದಿಯ ವೇಳೆಗೆ ಮಲ್ಲಿಗೆ ಮೈತುಂಬ ಬಿರಿಯಿತು. ಬೈದದ್ದಕ್ಕೆ ಎಂದಳು ನಂಜಕ್ಕ. ಕೊಂಬೆ ಸವರಿದ್ದಕ್ಕೆ ಎಂದಳು ಸೀತೆ. ಮಲ್ಲಿಗೆಯನ್ನು ಸವರಬೇಕೆಂದು ಮೂರು ವರ್ಷದಿಂದ ಅವಳು ಹೇಳುತ್ತಲೇ ಇದ್ದಳಂತೆ, ನಾನು ಕೇಳಿಸಿಕೊಂಡಿರಲಿಲ್ಲ. ನನಗೇನೋ ಬೇರೆಯೇ ಅನುಮಾನ. ಅಷ್ಟು ವರ್ಷ ನಾವೆಲ್ಲ ಆ ಗಿಡದಿಂದ ಹೂ ಕೇಳಿದ್ದೆವೇ ಹೊರತು, ನಾನಿದ್ದೀನಿ ಎಂದು ಅದಕ್ಕೆ ಹೇಳಿದವರು ಒಬ್ಬರೂ ಇರಲಿಲ್ಲ.

ಜಾಮೀನುದಾರರಿಗೆ ವಿಷಯ ತಿಳಿಸುವುದು ಧರ್ಮವೆಂದು ಒಂದು ಕಾಗದ ಬರೆದೆ. ವಾರದೊಳಗೆ ಉತ್ತರ ಬಂತು. ಅವರ ಮನೆಯ ನಿಂಬೆಗಿಡ ಐದು ವರ್ಷದಿಂದ ಕಾಯಿ ಬಿಟ್ಟಿಲ್ಲವಂತೆ. "ನಾನೇ ಬೈದು ನೋಡಿದೆ. ಕಛೇರಿಯಲ್ಲಿ ಬರುವ ಮಾತು ಗಿಡದ ಮುಂದೆ ಬರುವುದಿಲ್ಲ. ಭಾನುವಾರ ಬನ್ನಿ. ಮಚ್ಚು ನಿಮ್ಮದೇ ಇರಲಿ. ಬೇಡಿಕೊಳ್ಳಲು ನಾನಿದ್ದೇನೆ."

ಮಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಕೊರಟಗೆರೆಯಲ್ಲಿ ಅಲ್ಲಿನ ಶಾಲೆಯ ಮೇಷ್ಟ್ರೊಬ್ಬರು ಹತ್ತಿ ನನ್ನ ಪಕ್ಕ ಕುಳಿತು, ಎಲ್ಲಿಗೆಂದು ಕೇಳಿದರು. ಇನ್ಸ್‌ಪೆಕ್ಟರ್ ಸಾಹೇಬರ ಮನೆಗೆ ಎಂದೆ. ಅದೇ ಗಳಿಗೆಗೆ ಬಸ್ಸು ಕುಲುಕಿ ಟವೆಲು ಜಾರಿತು. ಅವರು ಅಲಗನ್ನು ನೋಡಿದರು, ನನ್ನನ್ನು ನೋಡಿದರು. ಸೀಟಿನ ತುದಿಗೆ ಜರುಗಿ ಕುಳಿತರು.

ತುಮಕೂರಿನಲ್ಲಿ ಇಳಿಯುವಾಗ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕಿವಿಯ ಬಳಿ ಬಂದರು.

"ನಂದೊಂದು ಅರ್ಜಿ ಎರಡು ವರ್ಷದಿಂದ ಅವರ ಹತ್ರ ಕೂತಿದೆ ಮೇಷ್ಟ್ರೆ. ಹೆಂಗೂ ಹೋಗ್ತಿದ್ದೀರಲ್ಲ, ಮೊದಲು ಅದಕ್ಕೊಂದು ರುಜು ಹಾಕಿಸಿಬುಡಿ."