ತೀರ್ಥಪ್ಪನ ಒಂದೇ ಪ್ರಶ್ನೆ

ಕಡೂರಿನ ಶಾಲೆಯೊಂದರಲ್ಲಿ ಪೋಷಕರಿಗೆ ‘ಮಕ್ಕಳ ಮನಸ್ಸು’ ಕುರಿತು ನನ್ನ ಭಾಷಣವಿತ್ತು. ನಗಿಸಲು ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆಂದು ಯಾರೋ ನಂಬಿದ್ದರು. ಶಾಲು ಹೊದಿಸುವ ಹೊತ್ತಿಗೆ ನಾನೂ ನಂಬಿದ್ದೆ. ಹೊರಗೆ ಬಂದರೆ ನನ್ನ ಸ್ಕೂಟರಿನ ಎರಡೂ ಚಕ್ರ ನೆಲಕಚ್ಚಿದ್ದವು. ಪಕ್ಕದಲ್ಲಿದ್ದ ಮೇಷ್ಟ್ರುಗಳ ಗಾಡಿಗಳದೂ ಅದೇ ಗತಿ.

ಎಲ್ಲರೂ ತಳ್ಳಿಕೊಂಡು ಹೋಗಿದ್ದು ಪಂಕ್ಚರ್ ಅಂಗಡಿಯ ತೀರ್ಥಪ್ಪನ ಹತ್ತಿರ. ಟ್ಯೂಬನ್ನು ನೀರಿನಲ್ಲಿ ಅದ್ದಿ, ಎಲ್ಲಿ ಗುಳ್ಳೆ ಏಳುತ್ತದೋ ಎಂದು ಉಸಿರು ಬಿಗಿಹಿಡಿದು ಕಾಯುವ ಮನುಷ್ಯ.

ಅಷ್ಟರಲ್ಲಿ ಶಾಲೆಯ ವಾಚ್‌ಮನ್ ಬಂದ. “ತೀರ್ಥಪ್ಪ, ನಿನ್ ಮಗಳೇ ಕಣಯ್ಯ. ಮೊಳೆ ಸಮೇತ ಸಿಕ್ಕವ್ಳೆ. ಅಪ್ಪಂದು ರಿಪೇರಿ, ಮಗಳ್ದು ಸಪ್ಲೈಯೇನೋ?”

ಮೇಷ್ಟ್ರುಗಳು ನಕ್ಕರು. ನಾನೂ ನಕ್ಕೆ, ನನ್ನ ಕಸುಬೇ ಅದು.

ಮಗಳು ವಿದ್ಯಾಶ್ರೀಗೆ ಆಗ ಏಳನೇ ಕ್ಲಾಸು. ತೀರ್ಥಪ್ಪ ಅವಳ ಮೇಲೆ ಯಾವತ್ತೂ ಕೈ ಎತ್ತಿದವನಲ್ಲ. ಆದರೆ ಲೋಟ ಬಿದ್ದರೂ, ಅವಳು ಅಳುತ್ತಾ ಮನೆಗೆ ಬಂದರೂ, ಅವನದು ಒಂದೇ ಪ್ರಶ್ನೆ: “ಏನ್ ಮಾಡ್ದೆ?” ಅವತ್ತೂ ಶಾಲೆಗೆ ಹೋಗಿ ಅದನ್ನೇ ಕೇಳಿದ. ಉತ್ತರಕ್ಕೆ ಕಾಯದೆ, ಎಲ್ಲರೆದುರು ಕಿವಿ ಹಿಡಿಸಿ ಬಸ್ಕಿ ಹೊಡೆಸಿದ.

ಆಮೇಲೆ ಹೆಡ್ ಮೇಡಂ, “ಯಾಕವ್ವ ಹಿಂಗ್ ಮಾಡ್ದೆ?” ಎಂದರು.

“ಗಾಳಿ ಇಲ್ದಿದ್ರೆ ಯಾರೂ ಎಲ್ಲಿಗೂ ಹೋಗಲ್ಲ” ಎಂದಳು ಹುಡುಗಿ.

ತೀರ್ಥಪ್ಪನಿಗೆ ಅದು ಅಧಿಕಪ್ರಸಂಗದಂತೆ ಕೇಳಿಸಿತು. ತರೀಕೆರೆಯ ಹಾಸ್ಟೆಲಿಗೆ ಸೇರಿಸಿಬಿಟ್ಟ.

ಅವಳ ಮಾತಿನ ಅರ್ಥ ಬಿಡಿಸಿದ್ದು ಹೆಂಡತಿ ಅನಿತಾ, ಅದೂ ಟ್ರಂಕು ಹಾಸಿಗೆ ಇಟ್ಟು ಬಂದ ಮೇಲೆ. “ಅತ್ತೆ ತೀರ್ಕಂಡಾಗ ಏನ್ ಮಾಡಿದ್ವಿ ಹೇಳ್ರಿ? ಪರೀಕ್ಷೆ ಕೆಡ್ತೈತೆ ಅಂತ ಇವಳ್ಗೆ ಹೇಳ್ದೇನೇ ಗಾಡಿ ಹತ್ತಿ ಸಿಂಗಟಗೆರೆಗೆ ಹೋದ್ವಿ. ಅಜ್ಜಿ ಅಜ್ಜಿ ಅಂತ ಬೆಳೆದ ಹುಡುಗಿ. ಮಣ್ಣು ಮಾಡಿ ಬಂದು, ಪರೀಕ್ಷೆ ಮುಗಿದ್ಮೇಲೆ ಹೇಳಿದ್ವಿ. ಅತ್ತಿದ್ದಕ್ಕೂ ನೀವು ಏನ್ ಮಾಡ್ದೆ ಅಂತ್ಲೇ ಕೇಳಿದ್ರಿ.”

ಇದನ್ನೆಲ್ಲ ತೀರ್ಥಪ್ಪ ನನಗೆ ಹೇಳಿದ್ದು ಮತ್ತೊಂದು ಸಲ ಗಾಳಿ ಹಾಕಿಸಲು ಹೋದಾಗ. “ಏನಾಯ್ತವ್ವ ಅಂತ ಕೇಳಿದ್ರೆ ಮುಗ್ದೋಗ್ತಿತ್ತು ಸಾರ್. ನಾಲಿಗೆಗೇ ಬರ್ಲಿಲ್ಲ. ನಿಮ್ ಭಾಷಣದಾಗೆ ಇದಿತ್ತಾ?”

“ಇತ್ತು” ಎಂದೆ. ಇರಲಿಲ್ಲ.

ಭಾನುವಾರ ಬಂತೆಂದರೆ ಅವನು ಬೈಕಿನಲ್ಲಿ ತರೀಕೆರೆಗೆ ಹೋಗುತ್ತಾನೆ, ಚಕ್ಕುಲಿ ಕಟ್ಟಿಸಿಕೊಂಡು. ಅವಳು ಚಕ್ಕುಲಿ ತಗೊಳ್ಳುತ್ತಾಳೆ, ‘ಹೂಂ’ ಎನ್ನುತ್ತಾಳೆ, ಒಳಗೆ ಹೋಗುತ್ತಾಳೆ. ಕಳೆದ ವಾರ ಅವನು ಧೈರ್ಯ ಮಾಡಿ ಅಂದನಂತೆ: “ಅಜ್ಜಿ ಮಣ್ಣಿಗೆ ನಿನ್ನ ಕರ್ಕಂಡೋಗ್ಬೇಕಿತ್ತು ಕಣವ್ವ. ತಪ್ಪಾಯ್ತು. ಮನೆಗೆ ಬಂದ್ಬಿಡು.”

ಅವಳು ಗೇಟಿನವರೆಗೆ ಬಂದಳು. ಅಷ್ಟು ದೂರ ಬಂದಿದ್ದು ಅದೇ ಮೊದಲು. ಹೊರಗೆ ನಿಲ್ಲಿಸಿದ್ದ ಬೈಕಿನ ಹಿಂದಿನ ಚಕ್ರ ದಾರಿಯಲ್ಲಿ ಏನು ಚುಚ್ಚಿಕೊಂಡಿತ್ತೋ, ಪೂರ್ತಿ ಕೂತುಬಿಟ್ಟಿತ್ತು. ತೀರ್ಥಪ್ಪ ಅದನ್ನು ನೋಡಿದ, ಆಮೇಲೆ ಮಗಳ ಮುಖ ನೋಡಿದ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ನಾನಲ್ಲ ಅಪ್ಪಾಜಿ” ಎಂದಳು.

ಅವನಿನ್ನೂ ಏನೂ ಕೇಳಿರಲಿಲ್ಲ.