ಯಾನ್‌ಜಿಯ ಕಡುಬು ತಿಂದವನು

ನಮ್ಮ ಬೀದಿಯ ಯಾನ್‌ಜಿ ಮೂರು ಸಲ ಚೀನಾ ದೇಶದ ಕಿಕ್‌ಬಾಕ್ಸಿಂಗ್ ಚಾಂಪಿಯನ್. ಆ ಮೂರು ಪಟ್ಟಗಳಲ್ಲಿ ನನ್ನ ಪಾಲೂ ಇದೆ. ನಂಬದವರು ಬಂದು ನನ್ನ ಹೊಟ್ಟೆ ನೋಡಬಹುದು.

ಷಾನ್‌ಡಾಂಗಿನ ನಮ್ಮ ಊರಲ್ಲಿ, ಬೀದಿ ಮೂಲೆಯ ಸೈಕಲ್ ಅಂಗಡಿ ನನ್ನದು. ಯಾನ್‌ಜಿಗೆ ಹನ್ನೆರಡು ವರ್ಷವಿದ್ದಾಗ, ಅಪ್ಪ ಅಮ್ಮ ಇಲ್ಲದವಳು ಎಂದು ಅಣಕಿಸಿದ ಹುಡುಗನನ್ನು ಅಲ್ಲಿಯವರೆಗೂ ಅಟ್ಟಿಸಿಕೊಂಡು ಬಂದು ಒಂದು ಒದೆ ಕೊಟ್ಟಳು. ಅವನು ಬಿದ್ದ ರಭಸಕ್ಕೆ ನನ್ನ ಸೈಕಲ್ ಸಾಲೆಲ್ಲ ಮಲಗಿತು. ಪಂಕ್ಚರ್ ಹಾಕಿಸಲು ಬಂದಿದ್ದ ಕ್ರೀಡಾಶಾಲೆಯ ಕೋಚ್ ತನ್ನ ಸೈಕಲ್ಲನ್ನೂ ಮರೆತು ಅವಳ ಹಿಂದೆ ಹೋದ.

ಅವಳನ್ನು ಸಾಕಿದ್ದು ಅಜ್ಜಿ. ನಮ್ಮ ಕಡೆ ಊರಿಗೆ ಹೊರಟವರಿಗೆ ಕಡುಬು, ಬಂದವರಿಗೆ ಶಾವಿಗೆ. ಕಡುಬು ತಿನ್ನದೆ ಹೊಸ್ತಿಲು ದಾಟಿದರೆ ಹೋದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಅಜ್ಜಿ ಹಂದಿಮಾಂಸ, ಎಲೆಕೋಸು ತುಂಬಿ ಮದುವೆಮನೆಗೆ ಆಗುವಷ್ಟು ಬೇಯಿಸುತ್ತಿದ್ದಳು. ಆದರೆ ಪಂದ್ಯಕ್ಕೆ ಮೊದಲು ತೂಕ ನೋಡುತ್ತಾರೆ, ಐವತ್ತಾರು ಕಿಲೋ ದಾಟಿದರೆ ಹೊರಗೆ. ಮೊದಲ ಸಲ ಪಾಪದ ಹುಡುಗಿ ಹೊಟ್ಟೆತುಂಬ ತಿಂದು ಹೋದಳು. ಜೂನ್ ಬಿಸಿಲಲ್ಲಿ ಹತ್ತಿಯ ಕೋಟು ತೊಟ್ಟು ಮೈದಾನ ಸುತ್ತಿ ಹೇಗೋ ತೂಕ ಇಳಿಸಿದಳು. ಆಮೇಲೆ ನಿಲ್ಲಲೂ ತ್ರಾಣವಿಲ್ಲದೆ ಸೋತು ಬಂದಳು.

ಮುಂದಿನ ಸಲ ಕಡುಬಿನ ಡಬ್ಬಿ ನನ್ನ ಅಂಗಡಿಗೆ ಬಂತು.

"ರೈಲಲ್ಲಿ ತಿಂತೀನಿ ಅಂತ ಕಟ್ಟಿಸ್ಕೊಂಡ್ ಬಂದೆ. ಗೆಂಗ್ ಮಾಮ, ಬೇಗ ಖಾಲಿ ಮಾಡು."

"ಅಜ್ಜಿಗೆ ಮೋಸ ಅಲ್ವೇನೆ ಇದು?"

"ಬೇಡ ಅಂದ್ರೆ ಬಿಡು, ನಾಯಿಗೆ ಹಾಕ್ತೀನಿ."

ನಾಯಿಗೆ ಅನ್ಯಾಯ ಮಾಡಿದೆ. ಯಾನ್‌ಜಿ ಗೆದ್ದಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ಅವಳು ಒದ್ದಳು, ನಾನು ತಿಂದೆ. ಅವಳಿಗೆ ಪಟ್ಟದ ಮೇಲೆ ಪಟ್ಟ ಬಂತು, ನನ್ನ ಬೆಲ್ಟಿಗೆ ತೂತಿನ ಮೇಲೆ ತೂತು ಬಿತ್ತು. "ಎಲ್ಲಾ ನನ್ ಕಡುಬಿನ ಮಹಿಮೆ" ಎಂದು ಅಜ್ಜಿ ಬೀದಿಗೆಲ್ಲ ಸಾರಿದಳು.

ಹೋದ ವರ್ಷ ಯಾನ್‌ಜಿಗೆ ಮೂವತ್ತೊಂದು. ಮೊಣಕಾಲು ಕೈಕೊಟ್ಟಿತ್ತು. ಅದೇ ಅವಳ ಕೊನೆಯ ಪಂದ್ಯ, ಗೆದ್ದರೆ ನಾಲ್ಕನೇ ಪಟ್ಟ. ಅದೇ ವಾರ ನನಗೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿ, ಕೊಬ್ಬು ಮುಟ್ಟಕೂಡದು ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಯಾನ್‌ಜಿ ಡಬ್ಬಿ ಹಿಡಿದು ನನ್ನ ಹಾಸಿಗೆಯ ಪಕ್ಕ ಬಂದು ನಿಂತಿದ್ದಳು. ಅಷ್ಟರಲ್ಲಿ ಕಡುಬು ಅದ್ದಿಕೊಳ್ಳಲೆಂದು ಕೊಟ್ಟು, ಅವಳು ಮರೆತುಬಂದ ವಿನಿಗರ್ ಶೀಶೆ ಹಿಡಿದು ಅಜ್ಜಿಯೇ ಒಳಗೆ ಬಂದಳು. ಇಬ್ಬರೂ ಸಿಕ್ಕಿಬಿದ್ದೆವು.

"ತಿಂದ್ರೆ ತೂಕ ಜಾಸ್ತಿಯಾಗಿ ಆಚೆ ಹಾಕ್ತಾರಜ್ಜಿ. ಇಷ್ಟು ವರ್ಷ ಮಾಮನೇ ತಿಂದಿದ್ದು."

ಅಜ್ಜಿ ನನ್ನ ಹೊಟ್ಟೆಯನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದಳು. "ಅದಕ್ಕೇ. ನಾನು ಗಾಳಿ ಕುಡ್ದು ಊದ್ಕೊಂಡಿದ್ದಾನೆ ಅಂದ್ಕೊಂಡಿದ್ದೆ." ಸ್ವಲ್ಪ ಯೋಚಿಸಿ ಪಕ್ಕದಲ್ಲೇ ಕುಳಿತಳು. "ಹಂಗಾದ್ರೆ ಅವ್ಳು ತಿಂದಾಗ ಸೋತ್ಲು, ನೀನು ತಿಂದಾಗ ಗೆದ್ಲು. ಬಾಯ್ ತೆಗಿ."

"ಅಜ್ಜಿ, ನಂಗೆ ಪ್ರಾಣಸಂಕಟ."

"ಅವ್ಳಿಗೆ ಪಟ್ಟ. ತೆಗಿಯೋ."

ಎರಡು ನುಂಗಿದೆ. ಮೂರನೆಯದಕ್ಕೆ ನನ್ನ ಹೆಂಡತಿ ಸೌಟು ಹಿಡಿದು ಬಂದು ಡಬ್ಬಿ ಕಿತ್ತುಕೊಂಡಳು. ಯಾನ್‌ಜಿ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತಳು. ಆ ಒಂದು ಅಂಕ ನನ್ನ ಹೊಟ್ಟೆ ಸೇರದ ಮೂರನೇ ಕಡುಬು ಎಂದು ಅಜ್ಜಿ ಇವತ್ತಿಗೂ ಸಾಧಿಸುತ್ತಾಳೆ.

ಕಣ್ಣು ಊದಿಸಿಕೊಂಡು ಬಂದವಳ ಮುಂದೆ ಅಜ್ಜಿ ಶಾವಿಗೆ ಇಟ್ಟಳು. ಯಾನ್‌ಜಿ ಮುಟ್ಟಲಿಲ್ಲ. ಇನ್ನು ರಿಂಗಿಲ್ಲ, ತೂಕ ನೋಡುವವರೂ ಇಲ್ಲ.

"ಅಜ್ಜಿ, ಕಡುಬು ಮಾಡ್ಕೊಡು."

"ಕಡುಬು ಹೊರಡೋರಿಗೆ. ನೀನಿನ್ನೆಲ್ಲಿಗೆ ಹೋಗ್ತೀಯ?"

"ಮಾಮನ ಅಂಗಡಿ ತನಕ ಹೋಗ್ಬರ್ತೀನಿ."

ಅಜ್ಜಿ ಹಿಟ್ಟು ಕಲೆಸಿದಳು. ನಾನು ಗಂಜಿ ಕುಡಿಯುತ್ತ ನೋಡಿದೆ. ಯಾನ್‌ಜಿ ಅಳುತ್ತಲೇ ಎರಡು ತಟ್ಟೆ ಮುಗಿಸಿ, ಬೆರಳು ನೆಕ್ಕಿ, ಕುಂಟುತ್ತ ನನ್ನ ಅಂಗಡಿ ಮುಟ್ಟಿ ವಾಪಸ್ ಬಂದಳು. ಅಷ್ಟರಲ್ಲಿ ಅಜ್ಜಿ ಶಾವಿಗೆ ಬಿಸಿ ಮಾಡಿಟ್ಟಿದ್ದಳು.